ಜರ್ಮನಿಗೆ ಓದಲು ಹೊರಟಿದ್ದೀರಾ? ಅಲ್ಲಿನ ತರಗತಿ ಮತ್ತು ಕಚೇರಿಯ ಮಾತುಕತೆಗೆ ಸಮಗ್ರ ಮಾರ್ಗದರ್ಶಿ

ಅಲ್ಲಿನ ಖರ್ಚಿನ ಹಣವನ್ನು ವೀಸಾಗಾಗಿ ಮೊದಲೇ ತೋರಿಸುವ ಬ್ಲಾಕ್ಡ್ ಅಕೌಂಟ್ ತೆರೆಯುವುದು ಹೇಗೆ, ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಯಾವಾಗ ಅರ್ಜಿ ಹಾಕಬೇಕು, ಯಾವ ಜಾಕೆಟ್ ಒಯ್ಯಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಬಿ.ಇ. ಮುಗಿಸಿ ಮಾಸ್ಟರ್ಸ್‌ಗೆ ಹೋದವರು ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಮಾತ್ರ ಬೇರೆಯೇ ಕಡೆ. ಅಂಕಪಟ್ಟಿ ಚೆನ್ನಾಗಿರುತ್ತದೆ, ಇಂಗ್ಲಿಷ್ ಕೂಡ ಚೆನ್ನಾಗಿರುತ್ತದೆ. ಆದರೂ ಪ್ರೊಫೆಸರಿಗೆ ಬರೆದ ಮೇಲ್‌ಗೆ ಉತ್ತರ ಬರುವುದಿಲ್ಲ, ಪ್ರಾಜೆಕ್ಟ್ ತಂಡದವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಅರೆಕಾಲಿಕ ಕೆಲಸ ಕೊಟ್ಟವರು ಒಪ್ಪಂದವನ್ನು ಮುಂದುವರಿಸುವುದಿಲ್ಲ. ಏಕೆಂದು ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಇಂಟರ್ನಲ್ ಅಂಕ ಪಾಠ ಮಾಡುವ ಮೇಷ್ಟ್ರ ಕೈಯಲ್ಲೇ ಇರುತ್ತದೆ. ಅಲ್ಲಿ ಎದುರಾಡದಿರುವುದು, 'ಸರ್' ಎಂದು ಎದ್ದು ನಿಲ್ಲುವುದು, ಬೇಕಾದದ್ದನ್ನು ಸುತ್ತು ಬಳಸಿ ಕೇಳುವುದು ಇವೆಲ್ಲ ದಡ್ಡತನವಲ್ಲ, ಬದುಕುವ ಜಾಣತನ. ಗೌರವವನ್ನು ನಾವು ವ್ಯಕ್ತಿಗೆ ತೋರಿಸುತ್ತೇವೆ. ಜರ್ಮನಿಯಲ್ಲಿ ಅದನ್ನು ಬಹುಪಾಲು ಇನ್ನೊಬ್ಬರ ಸಮಯಕ್ಕೆ ತೋರಿಸುತ್ತಾರೆ: ಮೊದಲೇ ತಿಳಿಸಿ, ಸ್ಪಷ್ಟವಾಗಿ ತಿಳಿಸಿ, ತಿಳಿಸಿದಂತೆ ನಡೆದುಕೊಳ್ಳಿ. ಮುಂದೆ ಬರುವ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಆದರೆ ಜರ್ಮನಿ ಎಂದರೆ ಒಂದೇ ಅಚ್ಚಿನ ಊರಲ್ಲ. ಬರ್ಲಿನ್ನಿನ ಸ್ಟಾರ್ಟ್‌ಅಪ್‌ನಲ್ಲಿ ಸಲ್ಲುವ ಸಲಿಗೆ ಬವೇರಿಯಾದ ಹಳೆಯ ಕುಟುಂಬ ಕಂಪನಿಯಲ್ಲಿ ಸಲ್ಲುವುದಿಲ್ಲ. ನಮಸ್ಕಾರಕ್ಕೆ ಉತ್ತರದವರು 'ಮೊಯಿನ್' ಎಂದರೆ ದಕ್ಷಿಣದವರು 'ಗ್ರೂಸ್ ಗಾಟ್' ಎನ್ನುತ್ತಾರೆ. ಇಲ್ಲಿ ಹೇಳಿರುವುದನ್ನು ಮೊದಲ ಅಂದಾಜಾಗಿ ಇಟ್ಟುಕೊಳ್ಳಿ. ಎದುರಿಗಿರುವ ಮನುಷ್ಯನನ್ನು ನೋಡಿ ತಿದ್ದಿಕೊಳ್ಳಿ.

ಹೆಜ್ಜೆ 1: ಹೊರಡುವ ಮೊದಲೇ ಹೆಸರನ್ನು ಸರಿಪಡಿಸಿಕೊಳ್ಳಿ

ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ಅಪ್ಪ, ಕೆಲವೊಮ್ಮೆ ಎರಡೂ. ಪಾಸ್‌ಪೋರ್ಟ್ ಮಾಡಿಸುವಾಗ ಅದು ವಿಸ್ತಾರಗೊಂಡು ಕುಟುಂಬದ ಹೆಸರಿನ ಜಾಗದಲ್ಲಿ ಕೂರುತ್ತದೆ. ಅಲ್ಲಿ ಅಧಿಕೃತವಾಗಿ ಕರೆಯುವುದು ಕುಟುಂಬದ ಹೆಸರಿನಿಂದ. ಹೀಗಾಗಿ ಕಾವ್ಯಾ ಎಂಬ ಹುಡುಗಿ ಪತ್ರಗಳಲ್ಲೆಲ್ಲ 'ಫ್ರೌ ರಂಗಪ್ಪ', ಅಂದರೆ ಶ್ರೀಮತಿ ರಂಗಪ್ಪ, ಆಗುತ್ತಾಳೆ. ನಗು ಬರಬಹುದು, ಆದರೆ ಅದನ್ನು ಒಪ್ಪಿಕೊಂಡುಬಿಡುವುದೇ ಸುಲಭ. ಪಾಸ್‌ಪೋರ್ಟ್, ವಿಶ್ವವಿದ್ಯಾಲಯ, ಬ್ಯಾಂಕ್, ಆರೋಗ್ಯ ವಿಮೆ ಎಲ್ಲ ಕಡೆ ಒಂದೇ ರೂಪ ಇರಲಿ.

ಮನೆ ಸೇರಿದ ದಿನವೇ ಅದೇ ಹೆಸರನ್ನು ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೆ ಅಂಟಿಸಿ. ಅಲ್ಲಿ ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸು ಹೋಗುತ್ತದೆ. ಬ್ಯಾಂಕ್, ವಿಮೆ, ಸರ್ಕಾರಿ ಕಚೇರಿಗಳು ಇಂದಿಗೂ ಮುಖ್ಯ ವಿಷಯಗಳನ್ನು ಕಾಗದದಲ್ಲೇ ಕಳಿಸುತ್ತವೆ. ಸರ್ಕಾರಿ ಕಚೇರಿಯೋ ಕೋರ್ಟೋ ಅಧಿಕೃತವಾಗಿ ತಲುಪಿಸುವ ಹಳದಿ ಲಕೋಟೆ ಬಂದರೆ ಅದರ ಮೇಲೆ ಬರೆದ ದಿನಾಂಕದಿಂದಲೇ ಗಡುವು ಶುರುವಾಗುತ್ತದೆ. ಲಕೋಟೆಯನ್ನು ಬಿಸಾಡಬೇಡಿ.

ಹೆಜ್ಜೆ 2: ನೀವು ಎನ್ನಬೇಕೋ ನೀನು ಎನ್ನಬೇಕೋ

ಈ ಪಾಠ ಅಮೆರಿಕದವರಿಗೆ ಕಷ್ಟ, ನಮಗೆ ಸುಲಭ. ಜರ್ಮನ್ನಿನಲ್ಲಿಯೂ ನಮ್ಮಂತೆ ಎರಡು ರೂಪಗಳಿವೆ, ನೀವು ಎನ್ನಲು 'ಜೀ', ನೀನು ಎನ್ನಲು 'ದು'. ವ್ಯತ್ಯಾಸ ಇರುವುದು ಬದಲಾಗುವ ರೀತಿಯಲ್ಲಿ. ನಮ್ಮಲ್ಲಿ ಸಲಿಗೆ ಬೆಳೆದಂತೆ ನೀವು ತಾನಾಗಿಯೇ ನೀನು ಆಗುತ್ತದೆ. ಅಲ್ಲಿ ಹಿರಿಯರೋ ಮೇಲಿನ ಹುದ್ದೆಯವರೋ 'ಇನ್ನು ದು ಎನ್ನೋಣ' ಎಂದು ಬಾಯಿಬಿಟ್ಟು ಹೇಳುತ್ತಾರೆ. ಅವರು ಹೇಳುವವರೆಗೆ 'ಜೀ' ಎನ್ನುತ್ತಾ ಇರಿ. ಹೇಳಿದ ಮೇಲೆ ಸಂಕೋಚದಿಂದ ಮತ್ತೆ 'ಜೀ'ಗೆ ಮರಳಿದರೆ ಅವರು ಚಾಚಿದ ಕೈಯನ್ನು ತಳ್ಳಿದಂತಾಗುತ್ತದೆ. ವಿದ್ಯಾರ್ಥಿಗಳ ನಡುವೆ ಮೊದಲ ದಿನದಿಂದಲೇ 'ದು'. ಈಗ ಅನೇಕ ಕಂಪನಿಗಳಲ್ಲಿಯೂ ಹಾಗೆಯೇ.

ಐವತ್ತೈದು ವರ್ಷದ ಮ್ಯಾನೇಜರನ್ನು ಬರಿಯ ಹೆಸರಿನಿಂದ ಕರೆಯಲು ನಮ್ಮವರ ನಾಲಿಗೆ ತಡವರಿಸುತ್ತದೆ. 'ಸರ್' ಸೇರಿಸಿದರೆ ಅಲ್ಲಿ ಮರ್ಯಾದೆ ಎನಿಸುವುದಿಲ್ಲ, ವಿಚಿತ್ರ ಎನಿಸುತ್ತದೆ. ಅಭ್ಯಾಸವಾಗಲು ಕೆಲವು ವಾರ ಬೇಕು, ಅಷ್ಟೇ.

ಹೆಜ್ಜೆ 3: ಮೇಲ್ ಬರೆಯುವುದು

'ರೆಸ್ಪೆಕ್ಟೆಡ್ ಸರ್' ಎಂದು ಶುರುವಾಗಿ, ತನ್ನ ಪರಿಚಯ, ಕಾಲೇಜಿನ ಪರಿಚಯ, ಪ್ರೊಫೆಸರರ ಸಂಶೋಧನೆಯ ಗುಣಗಾನ, ಕೊನೆಗೆ 'ದಯವಿಟ್ಟು ಅಗತ್ಯ ಕ್ರಮ ಕೈಗೊಳ್ಳಿ' ಎಂದು ಮುಗಿಯುವ ಮೇಲ್ ನಮ್ಮ ಕಚೇರಿಗಳ ಅರ್ಜಿ ಬರವಣಿಗೆಯಿಂದ ಬಂದ ಬಳುವಳಿ. ಓದುವವರಿಗೆ ನಾಲ್ಕನೆಯ ಪ್ಯಾರಾದವರೆಗೂ ಏನು ಬೇಕೆಂದು ಗೊತ್ತಾಗುವುದಿಲ್ಲ. ನೂರಾರು ವಿದ್ಯಾರ್ಥಿಗಳಿರುವ ಪ್ರೊಫೆಸರ್ ಅಲ್ಲಿಯವರೆಗೆ ಓದುವುದೂ ಇಲ್ಲ.

ಹೀಗೆ ಮಾಡಿ:

ವಿಷಯದ ಸಾಲಿನಲ್ಲಿ ಕೋರ್ಸ್ ಹೆಸರು ಮತ್ತು ಪ್ರಶ್ನೆ ಎರಡೂ ಇರಲಿ. 'ಒಂದು ವಿನಂತಿ' ಎಂದು ಬರೆಯಬೇಡಿ. 'ಸಿಗ್ನಲ್ ಪ್ರೊಸೆಸಿಂಗ್, ಮೂರನೇ ಅಭ್ಯಾಸದ ಎರಡನೇ ಲೆಕ್ಕ' ಎಂದು ಬರೆಯಿರಿ.

ಸಂಬೋಧನೆಯಲ್ಲಿ ಪದವಿ ಮತ್ತು ಕುಟುಂಬದ ಹೆಸರು: ಡಿಯರ್ ಪ್ರೊಫೆಸರ್ ಷ್ಮಿಟ್. ಡಾಕ್ಟರೇಟ್ ಇದ್ದವರಿಗೆ ಡಾಕ್ಟರ್. ಪದವಿಯ ವಿಷಯದಲ್ಲಿ ಜರ್ಮನ್ನರು ನಮಗಿಂತ ಕಡಿಮೆಯೇನಿಲ್ಲ. ಮನೆಯ ಕರೆಗಂಟೆಯ ಫಲಕದ ಮೇಲೂ ಡಾಕ್ಟರ್ ಎಂದು ಹಾಕಿಸಿಕೊಂಡವರಿದ್ದಾರೆ.

ಮೊದಲ ವಾಕ್ಯದಲ್ಲೇ ಬೇಕಾದದ್ದನ್ನು ಕೇಳಿ. ಎರಡನೆಯದರಲ್ಲಿ ನೀವೇ ಏನು ಪ್ರಯತ್ನಿಸಿದಿರಿ, ಎಲ್ಲಿ ಸಿಕ್ಕಿಕೊಂಡಿರಿ ಎಂದು ಹೇಳಿ. ಮೂರನೆಯದರಲ್ಲಿ ಯಾವಾಗ ಉತ್ತರ ಬೇಕು, ಏಕೆ ಎಂಬುದು. ಕೊನೆಯಲ್ಲಿ ಪೂರ್ಣ ಹೆಸರು, ಕೋರ್ಸ್, ವಿದ್ಯಾರ್ಥಿ ಸಂಖ್ಯೆ. ಇಷ್ಟೇ.

ಕಳಿಸುವ ಮೊದಲು ಇನ್ನೊಂದು ಪರೀಕ್ಷೆ ಇದೆ: ಈ ಉತ್ತರ ಕೋರ್ಸ್ ಪುಟದಲ್ಲೋ ಪರೀಕ್ಷಾ ನಿಯಮಾವಳಿಯಲ್ಲೋ ಈಗಾಗಲೇ ಇದೆಯೇ? ಇದ್ದರೆ ಕೇಳಬೇಡಿ. ಆಡಳಿತದ ಪ್ರಶ್ನೆಗಳನ್ನು ಪ್ರೊಫೆಸರಿಗೆ ಕಳಿಸುವುದೂ ಬೇಡ. ಅದಕ್ಕೆ ಪರೀಕ್ಷಾ ಕಚೇರಿ ಇದೆ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಇದೆ. ಇವೆಲ್ಲಕ್ಕಿಂತ ಉಪಯುಕ್ತವಾದದ್ದು 'ಫಾಖ್‌ಷಾಫ್ಟ್', ಅಂದರೆ ವಿಭಾಗದ ವಿದ್ಯಾರ್ಥಿಗಳ ಸಂಘ. ಹಳೆಯ ಪ್ರಶ್ನೆಪತ್ರಿಕೆಗಳು ಸಿಗುವುದು ಹೆಚ್ಚಾಗಿ ಇವರ ಬಳಿ. ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳು ಮಾಡುತ್ತಿದ್ದ ಉಪಕಾರವನ್ನು ಅಲ್ಲಿ ಒಂದು ಸಂಘ ಮಾಡುತ್ತದೆ.

ಮುಖತಃ ಮಾತನಾಡಬೇಕೆಂದರೆ ಭೇಟಿಯ ವೇಳೆ ಪ್ರಕಟವಾಗಿರುತ್ತದೆ, ಸಾಮಾನ್ಯವಾಗಿ ಮೊದಲೇ ಸಮಯ ಕೇಳಿಕೊಳ್ಳಬೇಕು. ಕೊಠಡಿಯ ಹೊರಗೆ ಕಾದು ನಿಂತು 'ಸರ್, ಒಂದೇ ನಿಮಿಷ' ಎನ್ನುವ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 4: ತರಗತಿ ಮತ್ತು ಪರೀಕ್ಷೆ

ಪ್ರೊಫೆಸರ್ ಒಳಗೆ ಬಂದಾಗ ಎದ್ದು ನಿಲ್ಲಬೇಡಿ. ಉಪನ್ಯಾಸ ಮುಗಿದಾಗ ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜನ್ನು ಟಕಟಕ ಬಡಿದರೆ ಗಾಬರಿಯಾಗಬೇಡಿ, ಅದು ಚಪ್ಪಾಳೆ. ವೇಳಾಪಟ್ಟಿಯಲ್ಲಿ ಸಮಯದ ಮುಂದೆ 'ಸಿ.ಟಿ.' ಎಂದಿದ್ದರೆ ತರಗತಿ ಹದಿನೈದು ನಿಮಿಷ ತಡವಾಗಿ ಶುರುವಾಗುತ್ತದೆ, 'ಎಸ್.ಟಿ.' ಎಂದಿದ್ದರೆ ಸರಿಯಾಗಿ ಅದೇ ಸಮಯಕ್ಕೆ. ಶಿಸ್ತಿಗೆ ಹೆಸರಾದ ದೇಶದಲ್ಲಿ ತಡವಾಗಿ ಬರುವುದಕ್ಕೂ ಒಂದು ಅಧಿಕೃತ ಗುರುತಿದೆ.

ಹಾಜರಿ ತೆಗೆದುಕೊಳ್ಳದ ಕೋರ್ಸುಗಳೇ ಹೆಚ್ಚು. ಯಾರೂ ಬೈಯುವುದಿಲ್ಲ, ನೆನಪಿಸುವುದಿಲ್ಲ, ಮನೆಗೆ ಪತ್ರ ಬರೆಯುವುದಿಲ್ಲ. ಈ ಮೌನವನ್ನು ನಮ್ಮ ಮಕ್ಕಳು ತಪ್ಪಾಗಿ ಓದುತ್ತಾರೆ. ಪರೀಕ್ಷೆಗೆ ನೀವೇ ಗಡುವಿನೊಳಗೆ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ಕೈಮುಗಿದು ಬೇಡಿಕೊಂಡರೂ ಹೆಸರು ಸೇರುವುದು ಕಷ್ಟ. ಒಂದು ಪರೀಕ್ಷೆಯನ್ನು ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಸಾಮಾನ್ಯವಾಗಿ ಮಿತಿ ಇರುತ್ತದೆ, ಹಲವು ಕಡೆ ಮೂರು ಸಲ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋದರೆ ಕೋರ್ಸಿನಿಂದಲೇ ಹೊರಬೀಳಬೇಕಾಗುತ್ತದೆ. ಬ್ಯಾಕ್‌ಲಾಗ್ ಎಂದು ಮುಂದೂಡುವ ನಮ್ಮ ಧೈರ್ಯ ಅಲ್ಲಿ ಅಪಾಯಕಾರಿ. ನಿಮ್ಮ ಕೋರ್ಸಿನ ನಿಯಮಾವಳಿಯನ್ನು ಮೊದಲ ವಾರದಲ್ಲೇ ಓದಿ.

ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆ ನೋಡಲು ಒಂದು ದಿನ ಗೊತ್ತು ಮಾಡುತ್ತಾರೆ. ದಯವಿಟ್ಟು ಹೋಗಿ. ತಿದ್ದಿದ ಪತ್ರಿಕೆ ಕೈಗೆ ಕೊಡುತ್ತಾರೆ, 'ಇಲ್ಲಿ ಎರಡು ಅಂಕ ಏಕೆ ಕಳೆದಿದ್ದೀರಿ' ಎಂದು ಕೇಳಬಹುದು, ಅದರಿಂದ ಅಂಕ ಹೆಚ್ಚುವುದೂ ಉಂಟು. ಮೇಷ್ಟ್ರಿಗೆ ಬೇಜಾರಾಗಬಹುದು ಎಂದು ನಮ್ಮವರು ಮನೆಯಲ್ಲೇ ಉಳಿಯುತ್ತಾರೆ. ಬೇಜಾರಾಗುವುದಿಲ್ಲ, ಕೇಳಲೆಂದೇ ಆ ದಿನವನ್ನು ಇಟ್ಟಿರುತ್ತಾರೆ.

ಅಂಕದ ವಿಷಯ ಬಂದಾಗ ಮನೆಯವರಿಗೂ ಒಂದು ಮಾತು ಹೇಳಿಡಿ. ಅಲ್ಲಿ 1.0 ಅತ್ಯುತ್ತಮ, 4.0 ಪಾಸಾಗಲು ಕೊನೆಯ ಗೆರೆ, 5.0 ಫೇಲ್. '1.3 ಬಂತು' ಎಂದು ಸಂಭ್ರಮದಿಂದ ಫೋನ್ ಮಾಡಿದರೆ 'ಮುಂದಿನ ಸಲ ಚೆನ್ನಾಗಿ ಓದು ಕಂದಾ' ಎಂದು ಅಮ್ಮ ಸಮಾಧಾನ ಮಾಡಿಬಿಟ್ಟಾರು.

ಇನ್ನು ನಕಲು. ಲ್ಯಾಬ್ ರೆಕಾರ್ಡನ್ನು ಒಬ್ಬರು ಬರೆದು ಹತ್ತು ಜನ ಇಳಿಸಿಕೊಳ್ಳುವುದನ್ನು ನಾವು ಸ್ನೇಹ ಎಂದು ಕರೆಯುತ್ತೇವೆ. ಅಲ್ಲಿ ವರದಿಯ ಜೊತೆಗೆ 'ಇದು ನನ್ನದೇ ಕೆಲಸ, ಬಳಸಿದ ಆಕರಗಳನ್ನೆಲ್ಲ ಹೇಳಿದ್ದೇನೆ' ಎಂಬ ಘೋಷಣೆಗೆ ಸಹಿ ಹಾಕುತ್ತೀರಿ. ಆ ಸಹಿಯನ್ನು ಅವರು ಗಂಭೀರವಾಗಿ ಪರಿಗಣಿಸುತ್ತಾರೆ. ಚರ್ಚೆ ಮಾಡಿ, ಬರೆಯುವಾಗ ಒಬ್ಬರೇ ಕುಳಿತು ಬರೆಯಿರಿ.

ಥೀಸಿಸ್ ಹಂತದಲ್ಲಿ ಗೈಡ್ ಕರೆಯುತ್ತಾರೆ ಎಂದು ಕಾಯಬೇಡಿ. ಎರಡು ವಾರಕ್ಕೊಮ್ಮೆ ಭೇಟಿಯ ಸಮಯವನ್ನು ನೀವೇ ಕೇಳಿ, ಮಾತನಾಡಬೇಕಾದ ಅಂಶಗಳನ್ನು ಹಿಂದಿನ ದಿನ ಕಳಿಸಿ, ಭೇಟಿಯ ನಂತರ ಏನು ತೀರ್ಮಾನವಾಯಿತು ಎಂದು ಐದು ಸಾಲು ಬರೆದು ಕಳಿಸಿ.

ಹೆಜ್ಜೆ 5: ಇಲ್ಲ ಎನ್ನಲು ಕಲಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಕನ್ನಡದಲ್ಲಿ ಇಲ್ಲ ಎನ್ನಲು ನಮಗೆ ಹತ್ತಾರು ದಾರಿಗಳಿವೆ, ಅವುಗಳಲ್ಲಿ ನೇರವಾಗಿ 'ಇಲ್ಲ' ಎನ್ನುವುದು ತೀರಾ ಕೊನೆಯದು. 'ನೋಡೋಣ', 'ಪ್ರಯತ್ನ ಮಾಡುತ್ತೇನೆ', 'ಸ್ವಲ್ಪ ಕಷ್ಟ ಆಗಬಹುದು', 'ನಾಳೆ ಹೇಳುತ್ತೇನೆ', ಇಲ್ಲವೇ ಬರಿಯ ಒಂದು 'ಹ್ಞೂಂ'. ನಮ್ಮ ನಡುವೆ ಇವುಗಳ ಅರ್ಥ ಯಾರಿಗೂ ತಪ್ಪುವುದಿಲ್ಲ. ಇದೇ ಮಾತುಗಳನ್ನು ಇಂಗ್ಲಿಷಿನಲ್ಲಿ ಜರ್ಮನ್ ಸಹಪಾಠಿಗೆ ಹೇಳಿದರೆ ಅವನು ಅಕ್ಷರಶಃ ತೆಗೆದುಕೊಳ್ಳುತ್ತಾನೆ: ಇವನು ಪ್ರಯತ್ನ ಮಾಡುತ್ತಾನೆ, ಶುಕ್ರವಾರ ಕೆಲಸ ಆಗಿರುತ್ತದೆ. ಶುಕ್ರವಾರ ಆಗಿರದಿದ್ದರೆ ನೀವು ಕೆಲಸಗಳ್ಳರೆನಿಸುವುದಿಲ್ಲ, ಅದಕ್ಕಿಂತ ಕೆಟ್ಟದಾಗಿ, ನಂಬಲಾಗದವರೆನಿಸುತ್ತೀರಿ. ತಲೆಯನ್ನು ಎಡಬಲಕ್ಕೆ ತೂಗುವ ನಮ್ಮ ಅಭ್ಯಾಸ ಇದನ್ನು ಇನ್ನಷ್ಟು ಗೋಜಲು ಮಾಡುತ್ತದೆ. ಅವರಿಗೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಬಾಯಿಂದ ಉತ್ತರ ಕೊಡಿ.

ಅಭ್ಯಾಸಕ್ಕೆ ಕೆಲವು ಬದಲಿ ವಾಕ್ಯಗಳು. 'ನೋಡೋಣ' ಎನ್ನುವ ಕಡೆ: 'ಈ ವಾರ ಆಗುವುದಿಲ್ಲ, ಮುಂದಿನ ಬುಧವಾರ ಕೊಡಬಲ್ಲೆ.' 'ಪ್ರಯತ್ನ ಮಾಡುತ್ತೇನೆ' ಎನ್ನುವ ಕಡೆ: 'ಮೊದಲ ಎರಡು ಭಾಗ ಮಾಡಬಲ್ಲೆ, ಮೂರನೆಯದು ನನಗೆ ಗೊತ್ತಿಲ್ಲ, ಯಾರಾದರೂ ತೋರಿಸಿಕೊಡಬೇಕು.' ಅರ್ಥವಾಗದಿದ್ದಾಗ 'ಓಕೆ, ಓಕೆ' ಎನ್ನುವ ಕಡೆ: 'ನಾನು ತಿಳಿದುಕೊಂಡದ್ದು ಇಷ್ಟು, ಸರಿಯೇ?'

ಗುರುವಾರದ ಕೆಲಸ ಮುಗಿಯುವುದಿಲ್ಲ ಎಂದು ಮಂಗಳವಾರವೇ ಗೊತ್ತಾದರೆ ಮಂಗಳವಾರವೇ ಹೇಳಿ. ಗುರುವಾರ ಸಂಜೆಯವರೆಗೆ ಹೇಗಾದರೂ ಮಾಡಿಬಿಡುತ್ತೇನೆ ಎಂದು ರಾತ್ರಿಯೆಲ್ಲ ಎದ್ದು ಕೂರುವುದು ನಮ್ಮಲ್ಲಿ ನಿಷ್ಠೆ. ಅಲ್ಲಿ ನಿಮ್ಮನ್ನು ನಂಬಿ ತನ್ನ ವಾರವನ್ನು ಜೋಡಿಸಿಕೊಂಡವನಿಗೆ ಅದು ಅನ್ಯಾಯ.

ಇದರ ಇನ್ನೊಂದು ಮುಖ, ಇಲ್ಲ ಎನ್ನಿಸಿಕೊಳ್ಳುವುದು. ಸಭೆಯಲ್ಲಿ ಎಲ್ಲರ ಎದುರು 'ಇದು ತಪ್ಪು, ಈ ಲೆಕ್ಕ ನಿಲ್ಲುವುದಿಲ್ಲ' ಎಂದು ಒಬ್ಬರು ಹೇಳುತ್ತಾರೆ. ನಮಗೆ ಕಿವಿ ಬಿಸಿಯಾಗುತ್ತದೆ. ಹತ್ತು ನಿಮಿಷದ ನಂತರ ಅದೇ ವ್ಯಕ್ತಿ ಕಾಫಿಗೆ ಕರೆಯುತ್ತಾನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿರುವುದಿಲ್ಲ. ಅವನು ಬೈದದ್ದು ಲೆಕ್ಕವನ್ನು. ಉತ್ತರವನ್ನೂ ಲೆಕ್ಕಕ್ಕೇ ಕೊಡಿ: ಯಾವ ಸಾಲು, ಏಕೆ, ಬದಲಿ ಏನು.

ಹೊಗಳಿಕೆ ಮಾತ್ರ ಬಹಳ ಕಡಿಮೆ. 'ನಿಖ್ಟ್ ಷ್ಲೆಖ್ಟ್', ಕೆಟ್ಟದ್ದಲ್ಲ ಎಂದರೆ ಅದೇ ದೊಡ್ಡ ಮೆಚ್ಚುಗೆ. ಸ್ಟುಟ್‌ಗಾರ್ಟ್ ಸುತ್ತಲಿನ ಸ್ವೇಬಿಯಾದಲ್ಲಂತೂ ಬೈಯದಿದ್ದರೆ ಸಾಕಷ್ಟು ಹೊಗಳಿದಂತೆ ಎಂಬ ಗಾದೆಯೇ ಇದೆ. ಮಗಳು ರ‍್ಯಾಂಕ್ ಬಂದರೂ 'ಪರವಾಗಿಲ್ಲ' ಎಂದಷ್ಟೇ ಹೇಳುವ ಅಜ್ಜಂದಿರನ್ನು ಕಂಡ ನಮಗೆ ಇದು ಅಪರಿಚಿತವೇನಲ್ಲ.

ಹೆಜ್ಜೆ 6: ಗಡಿಯಾರ, ಅಂಕಿ, ವಾರ

ಚಿಕ್ಕ ವಿಷಯಗಳು, ದೊಡ್ಡ ಗೊಂದಲ. 'ಹಾಲ್ಬ್ ದ್ರೈ' ಎಂದರೆ ಎರಡೂವರೆ. ಮೂರೂವರೆ ಎಂದುಕೊಂಡು ಹೋದರೆ ಭೇಟಿ ಮುಗಿದಿರುತ್ತದೆ. ಅಂಕಿಗಳಲ್ಲಿ ಚುಕ್ಕೆ ಮತ್ತು ಅಲ್ಪವಿರಾಮ ನಮ್ಮದಕ್ಕೆ ಅದಲುಬದಲು: 1.500 ಎಂದರೆ ಒಂದೂವರೆ ಸಾವಿರ, 1,5 ಎಂದರೆ ಒಂದೂವರೆ. ಎಕ್ಸೆಲ್ ಕಡತವನ್ನು ಬೆಂಗಳೂರಿಗೂ ಜರ್ಮನಿಗೂ ಕಳಿಸುವವರು ಇದನ್ನು ಎರಡೆರಡು ಸಲ ನೋಡಬೇಕು. ಲಕ್ಷ, ಕೋಟಿಗಳನ್ನು ಮರೆತುಬಿಡಿ. ಕಚೇರಿಗಳಲ್ಲಿ '32ನೇ ವಾರ' ಎಂದು ಮಾತನಾಡುತ್ತಾರೆ, ಆದ್ದರಿಂದ ಕ್ಯಾಲೆಂಡರಿನಲ್ಲಿ ವಾರದ ಸಂಖ್ಯೆ ಕಾಣುವಂತೆ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲೇ ಕುಳಿತು ಜರ್ಮನ್ ತಂಡದ ಜೊತೆ ಕೆಲಸ ಮಾಡುವವರೂ ಬಹಳ ಜನ ಇದ್ದಾರೆ. ಆಡುಗೋಡಿಯ ಮೈಕೋ, ಇಂದಿನ ಬಾಷ್, ಆರಂಭವಾದದ್ದು 1951ರಲ್ಲಿ ಎಂದಮೇಲೆ ಈ ನಂಟು ಹೊಸದಲ್ಲ. ಅವರಿಗೆ ಒಂದು ಸೂಚನೆ: ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ನಮಗೂ ಅವರಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ.

ಹೆಜ್ಜೆ 7: ಕಚೇರಿಯಲ್ಲಿ

ಓದುತ್ತಲೇ ದುಡಿಯುವವರು ಮೊದಲು ನಿಯಮ ತಿಳಿದಿರಬೇಕು. 2024ರ ಮಾರ್ಚ್‌ನಿಂದ ಭಾರತೀಯ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 'ವೆರ್ಕ್‌ಸ್ಟುಡೆಂಟ್', ಅಂದರೆ ಓದಿನ ಜೊತೆಗೆ ನಿಯಮಿತವಾಗಿ ದುಡಿಯುವ ವಿದ್ಯಾರ್ಥಿ ನೌಕರರಾಗಿದ್ದರೆ, ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿ. ಮ್ಯಾನೇಜರನ್ನು ಮೆಚ್ಚಿಸಲು ಇದನ್ನು ಮೀರಿದರೆ ಅವರಿಗೇ ತೊಂದರೆ ತಂದುಕೊಟ್ಟಂತೆ. ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿ ಶ್ರದ್ಧೆ ತೋರಿಸುವುದೂ ಫಲಿಸುವುದಿಲ್ಲ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ವಿಶ್ರಾಂತಿ ಇರಬೇಕು ಎಂಬುದು ಅಲ್ಲಿನ ಕಾನೂನು. ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅವರಲ್ಲಿ 'ಫೈಯರ್‌ಆಬೆಂಡ್' ಎಂಬ ಹೆಸರೂ ಇದೆ, ಅದಕ್ಕೊಂದು ಹಾರೈಕೆಯೂ ಇದೆ.

ಜ್ವರ ಬಂದರೆ ಕೆಲಸದ ಸಮಯ ಶುರುವಾಗುವ ಮೊದಲೇ ತಿಳಿಸಿ. ಏನು ಕಾಯಿಲೆ ಎಂದು ಹೇಳಬೇಕಾಗಿಲ್ಲ. ಎಷ್ಟು ದಿನ ಬರಲಾಗುವುದಿಲ್ಲ ಎಂಬುದಷ್ಟೇ ಮುಖ್ಯ. ಮೂರು ದಿನಕ್ಕಿಂತ ಹೆಚ್ಚಾದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಸಂಸ್ಥೆಗಳು ಮೊದಲ ದಿನದಿಂದಲೇ ಕೇಳುತ್ತವೆ. ಮೂಗು ಸೋರಿಸಿಕೊಂಡು ಕಚೇರಿಗೆ ಬಂದರೆ ಯಾರೂ ಭೇಷ್ ಎನ್ನುವುದಿಲ್ಲ, ಮನೆಗೆ ಹೋಗು ಎನ್ನುತ್ತಾರೆ.

ರಜೆಯನ್ನು ತಿಂಗಳುಗಳ ಮೊದಲೇ ಹಂಚಿಕೊಳ್ಳುತ್ತಾರೆ. ತಂಗಿಯ ಮದುವೆ ಮುಂದಿನ ತಿಂಗಳು ಎಂದು ಈಗ ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ಮದುವೆ ಒಂದು ವರ್ಷದ ಮೊದಲೇ ಗೊತ್ತಾಗಿರುತ್ತದೆ. ಮುಹೂರ್ತ, ಛತ್ರ, ಆಷಾಢ ಎಲ್ಲವನ್ನೂ ವಿವರಿಸಿ. ಕುತೂಹಲದಿಂದ ಕೇಳುತ್ತಾರೆ, ಬಹುಪಾಲು ರಜೆಯೂ ಸಿಗುತ್ತದೆ.

ಹುಟ್ಟುಹಬ್ಬದ ದಿನ ಕೇಕ್ ತರಬೇಕಾದವರು ನೀವೇ. ಆದರೆ ಯಾರಿಗೂ ಹಿಂದಿನ ದಿನವೇ ಶುಭಾಶಯ ಹೇಳಬೇಡಿ, ಅದನ್ನು ಅಪಶಕುನ ಎಂದು ನಂಬುತ್ತಾರೆ. ಸಂಬಳ ಎಷ್ಟು, ಮದುವೆ ಏಕೆ ಆಗಿಲ್ಲ ಎಂಬ ನಮ್ಮ ಬಸ್ ಪ್ರಯಾಣದ ಪ್ರಶ್ನೆಗಳನ್ನು ವಿಮಾನ ಹತ್ತುವಾಗಲೇ ಬಿಟ್ಟುಹೋಗಿ.

ಹೆಜ್ಜೆ 8: ಮನೆಯಲ್ಲಿ

ಹಂಚಿಕೊಂಡ ಮನೆಯಲ್ಲಿ ಶುಚಿಗೊಳಿಸುವ ಸರದಿಯ ಪಟ್ಟಿ ಗೋಡೆಯ ಮೇಲಿರುತ್ತದೆ. ಅದೇ ಸಂವಿಧಾನ. ಭಾನುವಾರ ಪೂರ್ತಿ ಮತ್ತು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಕೂಡದು. ಊರಿನಿಂದ ಹೊತ್ತೊಯ್ದ ಮಿಕ್ಸಿಯಲ್ಲಿ ಭಾನುವಾರ ಬೆಳಿಗ್ಗೆ ಚಟ್ನಿ ರುಬ್ಬಿದರೆ ಮೆಟ್ಟಿಲ ಬಳಿ ಚೀಟಿ ಅಂಟಿಕೊಂಡಿರುತ್ತದೆ. ಶನಿವಾರ ಸಂಜೆಯೇ ರುಬ್ಬಿಡಿ. ದೀಪಾವಳಿಗೆ ಹತ್ತು ಜನರನ್ನು ಕರೆಯುವುದಾದರೆ ನೀವೇ ಮೊದಲು ಚೀಟಿ ಅಂಟಿಸಿ: ಯಾವ ದಿನ, ಎಷ್ಟು ಗಂಟೆಯವರೆಗೆ, ಸದ್ದು ಹೆಚ್ಚಾದರೆ ಯಾವ ಬಾಗಿಲು ತಟ್ಟಬೇಕು. ಒಂದು ತಟ್ಟೆ ಮೈಸೂರು ಪಾಕ್ ಮೇಲಿನ ಮನೆಗೂ ಹೋಗಲಿ.

ಹೆಜ್ಜೆ 9: ಕೆಲಸ ಬಿಡುವಾಗ ಪ್ರಮಾಣಪತ್ರ ಓದಲು ಕಲಿಯಿರಿ

ನೇರ ಮಾತಿನ ಜರ್ಮನ್ನರು ಸುತ್ತು ಬಳಸಿ ಬರೆಯುವ ಕಾಗದವೊಂದಿದೆ: ಕೆಲಸದ ಪ್ರಮಾಣಪತ್ರ, 'ಆರ್ಬೈಟ್ಸ್‌ಜೋಯ್ಗ್ನಿಸ್'. ಕೆಲಸ ಬಿಡುವ ಪ್ರತಿಯೊಬ್ಬ ನೌಕರರಿಗೂ, ವಿದ್ಯಾರ್ಥಿ ನೌಕರರಿಗೂ, ಇದನ್ನು ಲಿಖಿತವಾಗಿ ಪಡೆಯುವ ಹಕ್ಕಿದೆ. ನೌಕರರ ಮುಂದಿನ ದಾರಿಗೆ ವಿನಾಕಾರಣ ಅಡ್ಡಿಯಾಗುವಂತೆ ಇದನ್ನು ಬರೆಯುವಂತಿಲ್ಲ, ಆದರೆ ಸುಳ್ಳನ್ನೂ ಬರೆಯುವಂತಿಲ್ಲ. ಈ ಎರಡರ ನಡುವೆ ಒಂದು ಗುಪ್ತ ಅಂಕಪಟ್ಟಿ ಬೆಳೆದುಬಿಟ್ಟಿದೆ.

'ಸದಾ ನಮ್ಮ ಸಂಪೂರ್ಣಾತಿಸಂಪೂರ್ಣ ತೃಪ್ತಿಗೆ ತಕ್ಕಂತೆ' ಎಂಬ ಅರ್ಥದ ಸಾಲಿದ್ದರೆ ಅತ್ಯುತ್ತಮ. 'ಸದಾ ಪೂರ್ಣ ತೃಪ್ತಿಗೆ' ಎಂದರೆ ಉತ್ತಮ. 'ಸದಾ' ಬಿಟ್ಟುಹೋಗಿ ಬರಿಯ 'ಪೂರ್ಣ ತೃಪ್ತಿಗೆ' ಎಂದಿದ್ದರೆ ಸಾಧಾರಣ. 'ಪೂರ್ಣ' ಕೂಡ ಹೋಗಿ 'ತೃಪ್ತಿಗೆ' ಎಂದಷ್ಟೇ ಉಳಿದರೆ ಹೇಗೋ ಪಾಸು. 'ಅವರು ಶ್ರಮಪಟ್ಟರು' ಎಂದಿದ್ದರೆ ಕೆಲಸ ಆಗಲಿಲ್ಲ ಎಂದರ್ಥ. 'ಪ್ರಯತ್ನ ಮಾಡುತ್ತೇನೆ' ಎಂಬುದರ ಒಳಾರ್ಥ ಬಲ್ಲ ಕನ್ನಡಿಗರಿಗೆ ಈ ಸಾಲು ಅರ್ಥವಾಗಲು ನಿಘಂಟು ಬೇಡ.

ಬರೆದು ಕೇಳಿ, ಕೊನೆಯ ದಿನಕ್ಕೆ ಕೆಲವು ವಾರ ಮೊದಲೇ ಕೇಳಿ. ಮಾಡಿದ ಕೆಲಸಗಳ ಪಟ್ಟಿಯನ್ನು ನೀವೇ ಕೊಟ್ಟರೆ ಬರೆಯುವವರಿಗೂ ಅನುಕೂಲ. ಬಂದ ಕರಡನ್ನು ಜರ್ಮನ್ ಬಲ್ಲ ಸ್ನೇಹಿತರಿಗೆ ತೋರಿಸಿ, ಯಾವುದಾದರೂ ಪದ ಬಿಟ್ಟುಹೋಗಿದ್ದರೆ ತಿದ್ದುಪಡಿ ಕೇಳಿ. ಹಾಗೆ ಕೇಳುವುದು ಅಲ್ಲಿ ಸಾಮಾನ್ಯ. ನಿಮ್ಮ ಮ್ಯಾನೇಜರ್ ನಿಮಗಿಂತ ಮೊದಲೇ ಬೇರೆ ಕಡೆ ಹೋಗುವ ಸುದ್ದಿ ಸಿಕ್ಕಿದರೆ ಅವರು ಹೊರಡುವ ಮುನ್ನ ಮಧ್ಯಂತರ ಪ್ರಮಾಣಪತ್ರವನ್ನು ಕೇಳಿ ಪಡೆದಿಟ್ಟುಕೊಳ್ಳಿ. ಹೊಸದಾಗಿ ಬಂದವರಿಗೆ ನಿಮ್ಮ ಕೆಲಸ ಗೊತ್ತಿರುವುದಿಲ್ಲ.